ಬಿದ್ದದ್ದು ಹಲಸಿನ ಹಣ್ಣು

ಮುಂಗಾರು ಶುರುವಾಗುವ ಹೊತ್ತಿಗೆ ಕೊಡಗಿನ ಸಿದ್ದಾಪುರ, ಮಾಲ್ದಾರೆ ಕಡೆಯ ಕಾಫಿ ತೋಟದಲ್ಲಿ ನಡೆಯುವವರ ಕಿವಿ ಸ್ವಲ್ಪ ಜಾಸ್ತಿಯೇ ಚುರುಕು. ಹಲಸು ಹಣ್ಣಾಗುವ ಕಾಲ ಅದು. ಹಲಸಿಗೆ ಆನೆ ಬರುತ್ತದೆ. ಹಾಗಾಗಿ ಹಿಂದೆ ಎಲ್ಲೋ ‘ದಬ್’ ಅಂತ ಸದ್ದಾದರೆ ಹಣ್ಣು ಬಿದ್ದಿರಬೇಕು, ಇಲ್ಲ ಹಣ್ಣು ತಿನ್ನುವವರು ಬಂದಿರಬೇಕು.

ಯಾವುದು ಅಂತ ಯೋಚಿಸುವ ಮೊದಲೇ ಕಾಲು ನಿಂತಿರುತ್ತದೆ, ಕುತ್ತಿಗೆ ತಿರುಗಿರುತ್ತದೆ. ಇದು ನರಗಳ ಕೆಲಸ. ವೇಗದ ನರತಂತುಗಳಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 100 ಮೀಟರ್ ಓಡುತ್ತದೆ. ಅದರ ಮುಂದೆ ನಮ್ಮ ಐದೂವರೆ ಅಡಿ ಎಷ್ಟು ಮಹಾ? ತಿರುಗಿ ನೋಡಿದರೆ ಹಲಸಿನ ಹಣ್ಣು ಒಡೆದು ಬಿದ್ದಿದೆ. ಒಂದೆರಡು ತೊಳೆ ತರಗೆಲೆಯ ಮೇಲೆ, ಅದಕ್ಕೆ ಆಗಲೇ ನೊಣ. ವಿಷಯ ಮುಗಿಯಿತು, ಅಲ್ವಾ?

ಎಲ್ಲಿ ಮುಗಿಯುತ್ತದೆ! ಎದೆ ಢವಢವ ಅನ್ನುತ್ತಲೇ ಇರುತ್ತದೆ. ಬಾಯಿ ಒಣಗಿರುತ್ತದೆ. ಜೊತೆಗಿರುವ ತೋಟದ ರೈಟರು “ಹಣ್ಣು ಸಾರ್, ಹಣ್ಣು” ಅಂತ ನಕ್ಕರೂ ಎದೆ ನಂಬುವುದಿಲ್ಲ.

ಇದು ಗ್ರಂಥಿಯ ಕೆಲಸ. ಎರಡು ಕಿಡ್ನಿಗಳ ಮೇಲೂ ಒಂದೊಂದು ಅಡ್ರಿನಲ್ ಗ್ರಂಥಿ ಕೂತಿದೆ. ತೂಕ ನಾಲ್ಕೈದು ಗ್ರಾಂ ಅಷ್ಟೇ. ಅದರ ತಿರುಳು ಹುಟ್ಟಿನಿಂದ ನರದ ಜಾತಿಯೇ. ಆದರೆ ಉದ್ದಕ್ಕೆ ತಂತು ಚಾಚುವುದು ಬಿಟ್ಟು, ನೇರ ರಕ್ತಕ್ಕೆ ಅಡ್ರಿನಲಿನ್ ಅನ್ನುವ ಹಾರ್ಮೋನು ಸುರಿಯುವ ಕಸುಬು ಹಿಡಿದಿದೆ. 1901ರಲ್ಲಿ ಜೋಕಿಚಿ ತಕಮಿನೆ ಅನ್ನುವ ಜಪಾನಿ ವಿಜ್ಞಾನಿ ಪ್ರಾಣಿಗಳ ಗ್ರಂಥಿಯಿಂದ ಹರಳಾಗಿ ಬೇರ್ಪಡಿಸಿ ತೋರಿಸಿದ್ದು ಇದನ್ನೇ.

ರಕ್ತಕ್ಕೆ ಸುರಿದದ್ದು ಊರಿನ ಟ್ಯಾಂಕಿಗೆ ಹಾಕಿದ ಬ್ಲೀಚಿಂಗ್ ಪೌಡರಿನ ಹಾಗೆ. ಎಲ್ಲ ನಲ್ಲಿಯಲ್ಲೂ ಬರುತ್ತದೆ. ‘ತಪ್ಪಾಯ್ತು, ಆನೆ ಬಂದಿಲ್ಲ’ ಅಂತ ವಾಪಸ್ ತೆಗೆಯಲಿಕ್ಕೆ ಆಗುವುದಿಲ್ಲ. ಹೃದಯ ಓಡುತ್ತದೆ, ಲಿವರ್ ಕೂಡಿಟ್ಟ ಸಕ್ಕರೆ ಬಿಡುತ್ತದೆ. ಅಡ್ರಿನಲಿನ್ ಅರ್ಧದಷ್ಟು ಕರಗಲು ಎರಡು ಮೂರು ನಿಮಿಷ ಸಾಕು. ಆದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಅಪ್ಪಣೆ ಬಂದು, ಅದೇ ಅಡ್ರಿನಲ್ ಗ್ರಂಥಿಯ ಹೊರಪದರದಿಂದ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನು ನಿಧಾನಕ್ಕೆ ಹೊರಡುತ್ತದೆ ನೋಡಿ, ಅದು ಗಂಟೆಗಟ್ಟಲೆ ಇರುವ ನೆಂಟ. ಮನೆಗೆ ಬಂದು ಕಾಫಿ ಕುಡಿದಾದರೂ ಹೋಗಿರುವುದಿಲ್ಲ.

ಇದೇ ಗದ್ದಲದಲ್ಲಿ ಮೈ ಜುಂ ಅಂದು ರೋಮ ನಿಮಿರುತ್ತದೆ. ಬೆಕ್ಕಿಗಾದರೆ ಇದರಿಂದ ಲಾಭವಿದೆ, ದೊಡ್ಡದಾಗಿ ಕಾಣುತ್ತದೆ. ನಾಯಿ ಸ್ವಲ್ಪ ಹಿಂಜರಿಯಲೂಬಹುದು. ನಾವು 4 ಟನ್ ತೂಗುವ ಒಂಟಿ ಸಲಗದ ಮುಂದೆ ಮುಂಗೈಯ ನಾಲ್ಕು ಕೂದಲು ಎಬ್ಬಿಸಿ ಯಾರನ್ನು ಹೆದರಿಸುವುದು? ದೇಹಕ್ಕೆ ಹಳೆಯ ಅಭ್ಯಾಸ, ಸುಮ್ನೆ ಬಿಡಲಾರದು.

ಭಯದ ಹೊತ್ತಿನ ನೆನಪನ್ನು ಗಟ್ಟಿ ಮಾಡುವುದೂ ಇವೇ ಅಡ್ರಿನಲಿನ್, ಕಾರ್ಟಿಸಾಲ್. ಹೋದ ವಾರ ಏನು ಊಟ ಮಾಡಿದೆವು ಅಂತ ಹೇಳಲಾರದವರು ಕೂಡ ಇಪ್ಪತ್ತು ವರ್ಷದ ಹಿಂದೆ ಆನೆ ಎದುರಾದ ತಿರುವು, ಅಲ್ಲಿದ್ದ ಸಿಲ್ವರ್ ಮರ ಎಲ್ಲ ಹೇಳುತ್ತಾರೆ. ಹೇಳಿದ ಹಾಗೆಲ್ಲ ಆನೆಯ ದಂತ ಉದ್ದವಾಗುತ್ತದಲ್ಲ, ಅದಕ್ಕೆ ಮಾತ್ರ ಗ್ರಂಥಿಯನ್ನು ದೂರುವಂತಿಲ್ಲ.