ಒಂದು ರೀಲ್ ನೋಡಿ ಲೂಸಿಯೊಗೆ ಮಾರ್ಕ್ಸ್ ಹಾಕುವವರಿಗೆ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ನಮ್ಮ ಫುಟ್‌ಬಾಲ್ ಗ್ರೂಪಿನಲ್ಲಿ ಮತ್ತೆ ಅದೇ ರೀಲ್. 2002ರ ವಿಶ್ವಕಪ್ ಕ್ವಾರ್ಟರ್‌ಫೈನಲ್, ಜಪಾನಿನ ಶಿಜುವೊಕಾ. ಇಂಗ್ಲೆಂಡಿನ ಹೆಸ್ಕಿ ಕಳಿಸಿದ ಚೆಂಡು ಬ್ರೆಜಿಲ್‌ನ ಡಿಫೆಂಡರ್ ಲೂಸಿಯೊ ಕಾಲಿಗೆ ತಗುಲಿ ಕೈತಪ್ಪುತ್ತದೆ. ಮೈಕಲ್ ಓವನ್ ಹೊಂಚು ಹಾಕಿ ಕೂತವನ ಹಾಗೆ ಬಾಚಿಕೊಂಡು, ಗೋಲ್‌ಕೀಪರ್ ಮೇಲಿಂದ ಎತ್ತಿ ಹಾಕುತ್ತಾನೆ. ಕೆಳಗೆ ಸಾಲು ಸಾಲು ನಗುವ ಎಮೋಜಿ.

ರೀಲ್ ಅಲ್ಲಿಗೇ ಮುಗೀತು. ಪಂದ್ಯ ಮುಗೀಲಿಲ್ಲ ಸ್ವಾಮಿ! ರಿವಾಲ್ಡೊ ಸಮ ಮಾಡಿದ. ರೊನಾಲ್ಡಿನ್ಯೊ ಫ್ರೀಕಿಕ್‌ನಲ್ಲಿ ಗೋಲು ಹೊಡೆದು ಬ್ರೆಜಿಲ್‌ನ್ನು 2-1 ಮುಂದೆ ತಂದ, ಆಮೇಲೆ ರೆಡ್ ಕಾರ್ಡ್ ತಿಂದು ಹೊರಗೆ ಹೋದ. ಉಳಿದ ಅರ್ಧ ಗಂಟೆ ಹತ್ತೇ ಜನ ಇಂಗ್ಲೆಂಡನ್ನು ತಡೆದರು. ತಡೆದವರಲ್ಲಿ ಇದೇ ಲೂಸಿಯೊ ಇದ್ದ. ಒಂಬತ್ತು ದಿನಕ್ಕೆ ವಿಶ್ವಕಪ್ ಎತ್ತಿದ. ಅದಕ್ಕೆ ಎಮೋಜಿ ಇಲ್ವಾ?

ನೀವು ಬಲ್ಲಿರಿ, ನಾನೂ ಕಾಲೇಜಿನಲ್ಲಿ ಸ್ಟಾಪರ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್, ಆಗಿ ಆಡಿದವನು. ಡಿಫೆಂಡರ್ ಹಣೆಬರಹವೇ ಇಷ್ಟು. ತೊಂಬತ್ತು ನಿಮಿಷ ಸರಿಯಾಗಿ ಆಡಿದರೆ ಯಾರೂ ನೋಡಲ್ಲ. 2006ರ ವಿಶ್ವಕಪ್‌ನಲ್ಲಿ ಲೂಸಿಯೊ 386 ನಿಮಿಷ ಒಂದೇ ಒಂದು ಫೌಲ್ ಮಾಡದೆ ಆಡಿದ. ದಾಖಲೆ ಅದು. ಮಾಡದೇ ಇದ್ದ ಫೌಲಿನ ರೀಲ್ ಹೇಗೆ ಮಾಡ್ತೀರಿ, ಹೇಳಿ.

"ಊರೂರು ಅಲೆದವನು, ಯಾವ ಕ್ಲಬ್ಬಿಗೂ ಬೇಡವಾದವನು" ಅಂತ ಒಬ್ಬ ಮಹಾಶಯ ಬರೆದಿದ್ದಾರೆ. ಹೌದು, ಇಂಟರ್‌ನ್ಯಾಸಿಯೊನಾಲ್, ಲೆವರ್‌ಕೂಸನ್, ಬಯರ್ನ್, ಇಂಟರ್, ಯುವೆಂಟಸ್, ಸಾವೊ ಪೌಲೊ, ಪಾಲ್ಮೇರಸ್, ನಮ್ಮ ಪಕ್ಕದ ಗೋವಾ. ಯುವೆಂಟಸ್‌ನಲ್ಲಿ ಅರ್ಧ ಸೀಸನ್ನೂ ನಿಲ್ಲಲಿಲ್ಲ, ಒಪ್ಪಿದೆ. ಮುಂದೆ ನಡೀರಿ. 2009ರಲ್ಲಿ ವ್ಯಾನ್ ಗಾಲ್ ಕೋಚ್ ಆಗಿ ಬಂದ ಮೇಲೆ ಜರ್ಮನಿಯ ಬಯರ್ನ್‌ನಲ್ಲಿ ಜಾಗ ಇಲ್ಲದಾಯ್ತು. ಇಟಲಿಯ ಇಂಟರ್‌ಗೆ ಹೋದ. ಮುಂದಿನ ಮೇ ತಿಂಗಳಲ್ಲೇ ಮ್ಯಾಡ್ರಿಡ್‌ನಲ್ಲಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್. ಎದುರಿಗೆ ಅದೇ ವ್ಯಾನ್ ಗಾಲ್, ಅದೇ ಬಯರ್ನ್. ಇಂಟರ್ 2, ಬಯರ್ನ್ 0. ಬೇಡವಾದವನಂತೆ!

ಅವನು ಚೆಂಡು ತಗೊಂಡು ಹೊರಡುತ್ತಿದ್ದ ರೀತಿ ನೋಡಬೇಕಿತ್ತು. ತನ್ನ ಪೆನಾಲ್ಟಿ ಬಾಕ್ಸ್ ಹತ್ತಿರ ಚೆಂಡು ಕಿತ್ತುಕೊಂಡು, ಉದ್ದುದ್ದ ಹೆಜ್ಜೆ ಹಾಕಿ, ಒಬ್ಬ, ಇಬ್ಬರು, ಮೂವರನ್ನು ದಾಟಿ ಎದುರಾಳಿ ಗೋಲಿನ ತನಕ. ಸ್ಟಾಪರ್ ಕಣ್ರೀ ಅವನು! ಕೋಚ್‌ಗಳ ಎದೆ ಡವಡವ ಅಂದಿರಬೇಕು. 2009ರ ಕಾನ್ಫೆಡರೇಷನ್ಸ್ ಕಪ್ ಫೈನಲ್‌ನಲ್ಲಿ ಅಮೆರಿಕ 2-0 ಮುಂದಿತ್ತು. ಬ್ರೆಜಿಲ್ ಸಮ ಮಾಡಿದ ಮೇಲೆ 84ನೇ ನಿಮಿಷಕ್ಕೆ ತಲೆಯಿಂದ ಗೆಲುವಿನ ಗೋಲು ಹೊಡೆದದ್ದು ಈ ಕ್ಯಾಪ್ಟನ್ನೇ.

ಇಂಡಿಯನ್ ಸೂಪರ್ ಲೀಗ್ ಆಡಲು ಗೋವಾ ತಂಡಕ್ಕೆ 2015ರಲ್ಲಿ ಬಂದಾಗ ಲೂಸಿಯೊ ವಯಸ್ಸು 37. ಜೀಕೊ ಕೋಚ್. "ದುಡ್ಡಿಗೆ ಬಂದ" ಅಂದರು. ಸರಿ, ನೀವು ಆಫೀಸಿಗೆ ಪುಣ್ಯ ಸಂಪಾದನೆಗೆ ಹೋಗ್ತೀರಾ? ಗೋವಾದ ಫತೋರ್ಡಾದಲ್ಲಿ ಲೀಗ್ ಫೈನಲ್, ಎದುರಿಗೆ ಚೆನ್ನೈ. ಕೊನೇ ನಿಮಿಷಗಳಲ್ಲಿ ಗೋವಾ 2-1 ಮುಂದೆ. ಅಷ್ಟರಲ್ಲಿ ಗೋಲ್‌ಕೀಪರ್ ಕಟ್ಟಿಮನಿಯಿಂದ ಸೆಲ್ಫ್ ಗೋಲ್, ಹಿಂದೆಯೇ ಚೆನ್ನೈನ ಮೆಂಡೋಜಾ ಇನ್ನೊಂದು. ಚೆನ್ನೈ ಗೆದ್ದಿತು. ಆ ರಾತ್ರಿ ನಾನು ಊಟ ಮಾಡಲಿಲ್ಲ, ಮನೆಯವರಿಗೆ ಹೊಟ್ಟೆ ಸರಿಯಿಲ್ಲ ಅಂದೆ.

ಕಟ್ಟಿಮನಿಯ ಆ ಗೋಲಿನ ವಿಡಿಯೊ ಕೂಡ ಗ್ರೂಪಿನಲ್ಲಿ ಓಡಾಡಿದೆ, ಗೊತ್ತಲ್ಲ. 2022ರಲ್ಲಿ ಅದೇ ಫತೋರ್ಡಾದಲ್ಲಿ ಶೂಟೌಟ್‌ನಲ್ಲಿ ಮೂರು ಪೆನಾಲ್ಟಿ ತಡೆದು ಹೈದರಾಬಾದ್‌ಗೆ ಕಪ್ ಗೆದ್ದುಕೊಟ್ಟವನೂ ಅವನೇ. ಅದನ್ನು ಒಬ್ಬರೂ ಫಾರ್ವರ್ಡ್ ಮಾಡಲಿಲ್ಲ. ಇವತ್ತು ನಾನೇ ಹಾಕ್ತಿದ್ದೀನಿ, ಕಾಮೆಂಟಿನಲ್ಲಿದೆ. ಎಮೋಜಿ ಹಾಕುವವರು ಹಾಕಿ.