ಹಿಟ್ಲರನಿಗೆ ಕುರ್ಚಿ ಕೊಟ್ಟವರು ಯಾರು?

ದಾವಣಗೆರೆಯಲ್ಲಿ ನಾಲ್ಕು ಜನ ಮಂಡಕ್ಕಿ-ಮಿರ್ಚಿ ಮುಂದೆ ಕೂತರೆ ರಾಜಕೀಯ ಬಂದೇ ಬರುತ್ತದೆ. ಮಾತು ಬಿಸಿಯಾದರೆ ಹಿಟ್ಲರನೂ ಬರುತ್ತಾನೆ. ಆಗ ಯಾರಾದರೊಬ್ಬರು ಹೇಳುತ್ತಾರೆ: "ಅವನನ್ನೂ ಜನಾನೇ ಓಟು ಹಾಕಿ ತಂದಿದ್ದು, ಏನ್ ಮಾಡೋಕಾಗುತ್ತೆ?" ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧದಲ್ಲಿ ಕೋಟು ಹಾಕಿದ ದೊಡ್ಡ ಮನುಷ್ಯರಿದ್ದಾರೆ. ಎಲ್ಲವನ್ನೂ ಜನರ ತಲೆಗೆ ಕಟ್ಟಿದರೆ ಅವರು ಆರಾಮಾಗಿ ತಪ್ಪಿಸಿಕೊಳ್ಳುತ್ತಾರೆ.

ಲೆಕ್ಕ ನೋಡಿ. 1928ರಲ್ಲಿ ಹಿಟ್ಲರನ ನಾಜಿ ಪಕ್ಷಕ್ಕೆ ಬಿದ್ದದ್ದು ಶೇ. 2.6 ಓಟು. ಮರುವರ್ಷ ಅಮೆರಿಕದ ಷೇರುಪೇಟೆ ಬಿತ್ತು. ಅಲ್ಲಿನ ಸಾಲದ ಮೇಲೆ ನಿಂತಿದ್ದ ಜರ್ಮನಿಯೂ ಬಿತ್ತು. 1932ರ ಹೊತ್ತಿಗೆ ಸುಮಾರು 60 ಲಕ್ಷ ಜನಕ್ಕೆ ಕೆಲಸ ಇರಲಿಲ್ಲ. ಹತ್ತಿ ಗಿರಣಿಗಳು ಬಾಗಿಲು ಹಾಕಿದ್ದನ್ನು ಕಂಡ ಊರು ನಮ್ಮದು. ಅಂಥ ಮನೆಗಳ ಸಿಟ್ಟು ಎಂಥದ್ದು ಅಂತ ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. 1932ರ ಜುಲೈನಲ್ಲಿ ನಾಜಿಗಳ ಪಾಲು ಶೇ. 37.3ಕ್ಕೆ ಏರಿತು. ಆದರೆ ನವೆಂಬರ್ ಚುನಾವಣೆಯಲ್ಲಿ ಅದು 33.1ಕ್ಕೆ ಇಳಿಯಿತು. 34 ಸೀಟು ಕೈಬಿಟ್ಟವು. ಪಕ್ಷದ ಖಜಾನೆಯೂ ಖಾಲಿಯಾಗುತ್ತಿತ್ತು.

ಓಟು ಹಾಕಿದವರು ಮುಗ್ಧರು ಅಂತ ನಾನು ಹೇಳುತ್ತಿಲ್ಲ. ಆ ನವೆಂಬರಿನಲ್ಲೂ ಒಂದು ಕೋಟಿಗೂ ಹೆಚ್ಚು ಜನ ಅವರಿಗೇ ಓಟು ಹಾಕಿದ್ದರು. ಆದರೆ ಬಹುಮತ ಕೊಡಲಿಲ್ಲ. ಇಳಿಯುತ್ತಿದ್ದ ಪಕ್ಷವನ್ನು ಎರಡೇ ತಿಂಗಳಲ್ಲಿ ಕೈಹಿಡಿದು ಕುರ್ಚಿಗೆ ಕೂರಿಸಿದವರು ಬೇರೆ.

ಅವರಲ್ಲಿ ಮೊದಲನೆಯವನು ಫ್ರಾನ್ಸ್ ಫಾನ್ ಪಾಪೆನ್. ಆಗಷ್ಟೇ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥನ ಹುದ್ದೆ ಕಳೆದುಕೊಂಡಿದ್ದ. ತನ್ನ ಜಾಗಕ್ಕೆ ಬಂದ ಜನರಲ್ ಶ್ಲೈಖರ್ ಮೇಲೆ ಹಗೆ. ಹಿಟ್ಲರನನ್ನು ಮುಂದಿಟ್ಟುಕೊಂಡು ತಾನೇ ರಾಜ್ಯಭಾರ ಮಾಡಬಹುದು ಅನ್ನುವ ಲೆಕ್ಕ ಅವನದು. 85 ವರ್ಷದ ಅಧ್ಯಕ್ಷ ಹಿಂಡೆನ್‌ಬರ್ಗ್‌ಗೆ ಹಿಟ್ಲರ್ ಅಂದರೆ ಅಸಡ್ಡೆ. ಪಾಪೆನ್ ಹೇಗೋ ಒಪ್ಪಿಸಿದ. 1933ರ ಜನವರಿ 30ರಂದು ಪ್ರಮಾಣವಚನ ಆಯಿತು. ಸಂಪುಟದಲ್ಲಿ ಹಿಟ್ಲರನನ್ನು ಬಿಟ್ಟರೆ ಇದ್ದ ನಾಜಿಗಳು ಇಬ್ಬರೇ. ಎರಡು ತಿಂಗಳಲ್ಲಿ ಅವನನ್ನು ಮೂಲೆಗೆ ಒತ್ತುತ್ತೇವೆ ಅಂತ ಪಾಪೆನ್ ಜಂಬ ಕೊಚ್ಚಿಕೊಂಡಿದ್ದ. ದಾಯಾದಿ ಜಗಳಕ್ಕೆ ರೌಡಿಯನ್ನು ಕರೆಸಿ ಮನೆಯಲ್ಲೇ ಇಟ್ಟುಕೊಂಡ ಯಜಮಾನನ ಕಥೆ ಇದು. ಆ ಇಬ್ಬರು ನಾಜಿಗಳಲ್ಲಿ ಒಬ್ಬನಾದ ಗೋರಿಂಗ್ ಕೈಗೆ ಜರ್ಮನಿಯ ಅತಿ ದೊಡ್ಡ ರಾಜ್ಯ ಪ್ರಷ್ಯಾದ ಪೊಲೀಸ್ ಇಲಾಖೆ ಹೋಯಿತು. ಪಾಪೆನ್‌ಗೆ ಅದು ಸಣ್ಣ ವಿಷಯ ಅನ್ನಿಸಿತೋ ಏನೋ!

ಇಟಲಿಯಲ್ಲೂ ಹೀಗೇ. 1919ರ ಚುನಾವಣೆಯಲ್ಲಿ ಫ್ಯಾಸಿಸ್ಟರ ನಾಯಕ ಮುಸೊಲಿನಿ ತಾನೂ ಸೋತಿದ್ದ. 1921ರಲ್ಲಿ ಹಳೇ ಹುಲಿ, ಆಗಿನ ಪ್ರಧಾನಿ ಜೊಲಿಟ್ಟಿ ತನ್ನ ಮೈತ್ರಿಕೂಟಕ್ಕೆ ಸೇರಿಸಿಕೊಂಡು 35 ಫ್ಯಾಸಿಸ್ಟರನ್ನು ಸಂಸತ್ತಿಗೆ ತಂದ. ಹಳ್ಳಿಗಳಲ್ಲಿ ಜಮೀನ್ದಾರರು ಫ್ಯಾಸಿಸ್ಟರ ಕಪ್ಪಂಗಿ ಪಡೆಗೆ ದುಡ್ಡು ಕೊಟ್ಟರು. ಅವರು ಕಾರ್ಮಿಕ ಸಂಘಗಳ ಕಚೇರಿ ಸುಡುವಾಗ ಪೊಲೀಸರು ಸುಮ್ನೆ ನಿಂತಿದ್ದರು. 1922ರ ಅಕ್ಟೋಬರಿನಲ್ಲಿ ಈ ಪಡೆ ರೋಮ್‌ಗೆ ದಂಡಯಾತ್ರೆ ಅಂತ ಹೊರಟಾಗ, ಅದನ್ನು ತಡೆಯಲು ಸರ್ಕಾರ ತಂದ ಸೇನಾಡಳಿತದ ಆದೇಶಕ್ಕೆ ಸಹಿ ಹಾಕಲು ರಾಜ ಒಪ್ಪಲಿಲ್ಲ. ಮುಸೊಲಿನಿ ಮಿಲಾನ್‌ನಿಂದ ರಾತ್ರಿ ರೈಲು ಹತ್ತಿ ಬಂದು ಪ್ರಧಾನಿಯಾದ.

ಎಡಪಕ್ಷಗಳನ್ನೂ ಬಿಡುವ ಹಾಗಿಲ್ಲ. ಕಮ್ಯುನಿಸ್ಟ್ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ಊರಿನವನಾಗಿ ಇದನ್ನು ಹೇಳಲು ಬೇಜಾರು. ಜರ್ಮನಿಯಲ್ಲಿ 1932ರ ನವೆಂಬರಿನಲ್ಲಿ ಸೋಷಿಯಲ್ ಡೆಮಾಕ್ರಟರು ಮತ್ತು ಕಮ್ಯುನಿಸ್ಟರ ಸೀಟು ಕೂಡಿಸಿದರೆ 221. ನಾಜಿಗಳದ್ದು 196. ಆದರೆ ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಕಮ್ಯುನಿಸ್ಟರ ಕಣ್ಣಿಗೆ ಸೋಷಿಯಲ್ ಡೆಮಾಕ್ರಟರೇ 'ಸಾಮಾಜಿಕ ಫ್ಯಾಸಿಸ್ಟರು'.

ಇನ್ನು ಸುಗ್ರೀವಾಜ್ಞೆ. ಆಗಿನ ಜರ್ಮನಿಯ ಸಂವಿಧಾನ, ಅಂದರೆ ವೈಮಾರ್ ಸಂವಿಧಾನದಲ್ಲಿ, ಅಧ್ಯಕ್ಷ ಸುಗ್ರೀವಾಜ್ಞೆ ಹೊರಡಿಸಲು ಬಿಡುವ 48ನೇ ವಿಧಿ ಇದ್ದದ್ದು ತುರ್ತು ಸಮಯಕ್ಕೆ. ಹಿಟ್ಲರ್ ಬರುವ ಮೊದಲೇ ಅದು ದಿನನಿತ್ಯದ ಅಭ್ಯಾಸವಾಗಿತ್ತು. 1932ರಲ್ಲಿ ಸಂಸತ್ತು ಮಾಡಿದ ಕಾನೂನು ಬರೀ ಐದು. ಸುಗ್ರೀವಾಜ್ಞೆಗಳು ಅದರ ಹತ್ತು ಪಟ್ಟಿಗೂ ಜಾಸ್ತಿ. ಸಂಸತ್ತಿಲ್ಲದೆ ಸರ್ಕಾರ ನಡೆಯುತ್ತದೆ ಅಂತ ಜನಕ್ಕೆ ಆಗಲೇ ರೂಢಿಯಾಗಿತ್ತು. ಹಾಗಾಗಿ 1933ರ ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನವೇ ನಾಗರಿಕ ಹಕ್ಕುಗಳನ್ನು ತೆಗೆದುಹಾಕುವುದು ಕಷ್ಟವಾಗಲಿಲ್ಲ. ಅದಕ್ಕೂ ಬಳಸಿದ್ದು ಅದೇ 48ನೇ ವಿಧಿ. ಮಾರ್ಚ್ 23ರಂದು ಎಲ್ಲ ಅಧಿಕಾರವನ್ನೂ ಹಿಟ್ಲರನ ಸರ್ಕಾರಕ್ಕೆ ಬರೆದುಕೊಡುವ ಕಾಯ್ದೆ 444–94 ಮತಗಳಿಂದ ಪಾಸಾಯಿತು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಟ್ಟಿರಲಿಲ್ಲ. ಆ 94 ಅಷ್ಟೂ ಸೋಷಿಯಲ್ ಡೆಮಾಕ್ರಟರದ್ದು. ಸುತ್ತ ನಾಜಿ ಪಡೆ ನಿಂತಿದ್ದಾಗ 'ಇಲ್ಲ' ಅಂದರು. ಅವರಿಗೆ ನಮಸ್ಕಾರ.

ನಮ್ಮಲ್ಲೂ 1975ರ ತುರ್ತು ಪರಿಸ್ಥಿತಿಗೆ ರಾಷ್ಟ್ರಪತಿ ಸಹಿ ಹಾಕಿದ್ದು ರಾತ್ರಿ, ಸಂಪುಟಕ್ಕೆ ತಿಳಿಸಿದ್ದು ಮರುದಿನ ಬೆಳಿಗ್ಗೆ. 1978ರ 44ನೇ ತಿದ್ದುಪಡಿ ಬಂದ ಮೇಲೆ ಸಂಪುಟದ ಲಿಖಿತ ಒಪ್ಪಿಗೆ ಇಲ್ಲದೆ ಅದು ಆಗುವಂತಿಲ್ಲ. ಆ ಕಡೆ ಸಂಪುಟದ ಮಂತ್ರಿಗಳಿಗೆ ಬೆನ್ನೆಲುಬು ಇರುತ್ತದಾ ಅನ್ನುವುದು ಬೇರೆ ಮಾತು.

ಅಂದಹಾಗೆ, ಶ್ಲೈಖರ್‌ನನ್ನು 1934ರ ಜೂನ್ 30ರಂದು ಅವನ ಮನೆಯಲ್ಲೇ ಗುಂಡಿಟ್ಟು ಕೊಂದರು. ಪಾಪೆನ್ ಜೀವಕ್ಕೆ ಏನೂ ಆಗಲಿಲ್ಲ. ಹಿಟ್ಲರನ ರಾಯಭಾರಿಯಾಗಿ ಕೆಲಸ ಮಾಡಿದ. ಯುದ್ಧ ಮುಗಿದ ಮೇಲೆ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಖುಲಾಸೆಯಾದ. ಆಮೇಲೆ ಇನ್ನೊಂದು ಕೋರ್ಟು ಶಿಕ್ಷೆ ಕೊಟ್ಟರೂ 1949ರಲ್ಲಿ ಹೊರಗೆ ಬಂದ. ತನ್ನದೇನೂ ತಪ್ಪಿಲ್ಲ ಅಂತ ಆತ್ಮಕಥೆ ಬರೆದ. 1969ರವರೆಗೆ ಬದುಕಿದ್ದ.