‘ಆಲ್ ಥಿಂಗ್ಸ್ ಮಸ್ಟ್ ಪಾಸ್’: 2021ರ ಹೊಸ ಮಿಕ್ಸ್ ಬೇಕಿತ್ತೇ?

ಬ್ರಿಟನ್ನಿನ ರಾಕ್ ತಂಡ ಬೀಟಲ್ಸ್ ಒಡೆದ ವರ್ಷವೇ, 1970ರ ನವೆಂಬರ್‌ನಲ್ಲಿ, ಅದರ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಮೂರು ಎಲ್‌ಪಿಗಳ ಈ ಆಲ್ಬಮ್ ತಂದರು. ನಿರ್ಮಾಣದಲ್ಲಿ ಜೊತೆಯಾದವರು ಫಿಲ್ ಸ್ಪೆಕ್ಟರ್. 2021ರಲ್ಲಿ ಧ್ವನಿ ತಂತ್ರಜ್ಞ ಪಾಲ್ ಹಿಕ್ಸ್ ಇದನ್ನು ಹೊಸದಾಗಿ ಮಿಕ್ಸ್ ಮಾಡಿದರು, ಅಂದರೆ ಹಳೆಯ ಟೇಪಿನಲ್ಲಿದ್ದ ದನಿ, ವಾದ್ಯಗಳ ಪ್ರಮಾಣವನ್ನು ಮತ್ತೆ ಹೊಂದಿಸಿದರು. ಮೊದಲ ಸಲ ಕೇಳುವವರ ಕೈಗೆ ಯಾವುದನ್ನು ಕೊಡಬೇಕು?

ಪರ: ಹಾಡಿದವರ ದನಿ ಕೇಳಲೇಬೇಕು

ಸ್ಪೆಕ್ಟರ್ ಕ್ರಮ ಹೀಗಿತ್ತು: ಮೂರು-ನಾಲ್ಕು ಅಕೌಸ್ಟಿಕ್ ಗಿಟಾರ್‌ಗಳು ಒಂದೇ ಕಾರ್ಡ್‌ಗಳನ್ನು (ಸ್ವರಗುಚ್ಛಗಳನ್ನು) ಒಟ್ಟಿಗೆ ಮೀಟಬೇಕು, ಪಿಯಾನೋ, ಆರ್ಗನ್, ಡ್ರಮ್ಸ್ ಅದೇ ಕೋಣೆಯಲ್ಲಿ ನುಡಿಯಬೇಕು, ಎಲ್ಲದರ ಮೇಲೂ ಧಾರಾಳವಾಗಿ ರಿವರ್ಬ್, ಅಂದರೆ ದೊಡ್ಡ ಕೋಣೆಯಲ್ಲಿ ಕೇಳುವಂಥ ಅನುರಣನ. ಇದರಲ್ಲಿ ಪೆಟ್ಟು ಬೀಳುವುದು ಗಾಯನಕ್ಕೆ. ಅಷ್ಟು ಗಿಟಾರ್‌ಗಳು ತುಂಬುವ ಮಧ್ಯದ ಶ್ರುತಿಗಳೇ ಮನುಷ್ಯನ ಕಂಠದವೂ ಹೌದು. ಹ್ಯಾರಿಸನ್ ಅವರದು ಮೆಲುದನಿ. ರಿವರ್ಬ್‌ನ ಬಾಲ ಮುಂದಿನ ಅಕ್ಷರದ ಮೇಲೆ ಬಿದ್ದು ವ್ಯಂಜನಗಳು ಕಲಸಿಹೋಗುತ್ತವೆ.

ಇದೇ ಆಲ್ಬಮ್‌ನ ‘ಮೈ ಸ್ವೀಟ್ ಲಾರ್ಡ್’ ಹಾಡಿನ ಕೊನೆಯ ಭಾಗ ಕೇಳಿ. ಹಿಮ್ಮೇಳದಲ್ಲಿ ‘ಹರೇ ಕೃಷ್ಣ’ದ ನಡುವೆ ‘ಗುರುರ್ಬ್ರಹ್ಮಾ ಗುರುರ್ವಿಷ್ಣುಃ’ ಬರುತ್ತದೆ. ಈ ಶ್ಲೋಕ ಬಾಯಿಪಾಠವಿರುವ ನಮಗೂ ಹಳೆಯ ಮಿಕ್ಸ್‌ನಲ್ಲಿ ಅದು ತಟ್ಟನೆ ಸಿಗದು. ಆ ಹಿಮ್ಮೇಳವಾದರೂ ಯಾರದು? ‘ಜಾರ್ಜ್ ಓಹಾರಾ-ಸ್ಮಿತ್ ಸಿಂಗರ್ಸ್’ ಎಂದು ಹೆಸರಿದ್ದರೂ, ಬಹುಪಾಲು ಹ್ಯಾರಿಸನ್ ಒಬ್ಬರೇ ಪದರ ಪದರವಾಗಿ ಹಾಡಿದ್ದು. ಅಷ್ಟು ಶ್ರಮವನ್ನು ಮಂಜಿನ ಹಿಂದೆ ಬಿಡುವುದು ಸರಿಯಲ್ಲ.

1970ರ ಆಗಸ್ಟ್‌ನಲ್ಲಿ ಸ್ಪೆಕ್ಟರ್ ಅವರೇ ಹ್ಯಾರಿಸನ್‌ಗೆ ಪತ್ರ ಬರೆದು, ನಿಮ್ಮ ದನಿ ಆಲ್ಬಮ್ ಉದ್ದಕ್ಕೂ ಕೇಳಬೇಕು ಎಂದಿದ್ದರು. 2001ರ ಮರುಬಿಡುಗಡೆಯ ಟಿಪ್ಪಣಿಯಲ್ಲಿ ಹ್ಯಾರಿಸನ್ ಕೂಡ, ಕೆಲವು ಹಾಡುಗಳನ್ನು ಆ ಭಾರೀ ರಿವರ್ಬ್‌ನಿಂದ ಬಿಡಿಸಬೇಕೆನಿಸುತ್ತದೆ ಎಂದು ಬರೆದರು. ಹಿಕ್ಸ್ ಮಾಡಿದ್ದು ಅದನ್ನೇ: ಗಾಯನ ಮುಂದೆ ಬಂತು, ಬಾಸ್ ಗಟ್ಟಿಯಾಯಿತು.

ವಿರೋಧ: ಆ ಗದ್ದಲವೂ ಹಾಡಿನದೇ

ಹಾಗೆ ಬರೆದ ಹ್ಯಾರಿಸನ್ 2001ರಲ್ಲಿ ಮಾಡಿದ್ದೇನು? ಮಾಸ್ಟರಿಂಗ್ (ಮಿಕ್ಸ್ ಮುಟ್ಟದೆ ಕೊನೆಯಲ್ಲಿ ಇಡೀ ಧ್ವನಿಯನ್ನು ಹದಗೊಳಿಸುವುದು) ಹೊಸದು, ‘ಮೈ ಸ್ವೀಟ್ ಲಾರ್ಡ್’ನ ಹೊಸ ರೂಪವೊಂದು ಬೋನಸ್, ಹಳೆಯ ಮಿಕ್ಸ್ ಹಾಗೇ ಉಳಿಯಿತು. ಅದೇ ವರ್ಷ ನವೆಂಬರ್ 29ರಂದು ಅವರು ತೀರಿಕೊಂಡರು. ಅವರೇ ಕೂತು ಒಪ್ಪಿದ ಮಿಕ್ಸ್ 1970ರದು.

ಇನ್ನು ಕೆಲಸದ ಕಷ್ಟ. ಒಂದೇ ಕೋಣೆಯಲ್ಲಿ ನುಡಿಸಿದಾಗ ಡ್ರಮ್ಸ್ ಸದ್ದು ಪಿಯಾನೋದ ಮೈಕಿಗೂ ನುಗ್ಗುತ್ತದೆ. ಟೇಪಿನಲ್ಲಿ ಎಂಟೇ ಟ್ರ್ಯಾಕ್ (ಬೇರೆ ಬೇರೆ ದಾಖಲಾಗುವ ಪಟ್ಟಿ) ಇದ್ದಾಗ ಹಲವು ವಾದ್ಯಗಳು ಒಂದೇ ಟ್ರ್ಯಾಕಿಗೆ ಸೇರುತ್ತವೆ. ಜೊತೆಗೇ ದಾಖಲಾದ ರಿವರ್ಬ್ ಬಿಡಿಸಿಕೊಳ್ಳುವುದಿಲ್ಲ. ಗಾಯನದ ರಿವರ್ಬ್ ಅಷ್ಟೇ ಕಡಿಮೆ ಮಾಡಿ ಮುಂದಿಟ್ಟರೆ, ಹಾಡುಗಾರ ಒಂದು ಕೋಣೆಯಲ್ಲಿ, ವಾದ್ಯದವರು ಇನ್ನೊಂದರಲ್ಲಿ ಇದ್ದಂತಾಗುತ್ತದೆ.

ಆಲ್ಬಮ್‌ನ ‘ವಾ-ವಾ’ ಹಾಡು ಆ ಗದ್ದಲ ಬೇಕೆಂಬುದಕ್ಕೆ ಸ್ಪಷ್ಟ ಸಾಕ್ಷಿ. 1969ರ ಜನವರಿ 10ರಂದು ಬೀಟಲ್ಸ್ ರಿಹರ್ಸಲ್‌ನಿಂದ ಎದ್ದುಹೋದ ದಿನವೇ ಹ್ಯಾರಿಸನ್ ಬರೆದದ್ದು. ತಲೆಯೊಳಗೆ ಗಿಂವ್ ಎನ್ನುವ ಸಿಟ್ಟು ಅದು. ಗಿಟಾರ್, ಹಿತ್ತಾಳೆ ವಾದ್ಯ, ತಾಳ ಎಲ್ಲ ಒಂದರ ಮೇಲೊಂದು ಬಿದ್ದಾಗಲೇ ಆ ಸಿಟ್ಟು ಮೈಗೆ ತಾಗುವುದು. ಬಿಡಿಬಿಡಿಯಾಗಿ ಸ್ವಚ್ಛ ಮಾಡಿದರೆ ಒಳ್ಳೆಯ ವಾದ್ಯವೃಂದ ಉಳಿಯುತ್ತದೆ, ಹಾಡು ತಣ್ಣಗಾಗುತ್ತದೆ.

ಎರಡನ್ನೂ ಹೋಲಿಸುವವರು ಮೊದಲು ವಾಲ್ಯೂಮ್ ಸಮ ಮಾಡಿಕೊಳ್ಳಿ. ತುಸು ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ಇಯರ್‌ಫೋನ್ ಬಿಟ್ಟು ಸ್ಪೀಕರ್‌ನಲ್ಲಿ ಹಾಕಿ, ಏಕೆಂದರೆ ಹಳೆಯ ರಿವರ್ಬ್ ಅರಳಲು ಕೋಣೆಯ ಗಾಳಿ ಬೇಕು. ಹ್ಯಾರಿಸನ್ ದನಿಯನ್ನಷ್ಟೇ ಕೇಳಬೇಕೆಂದರೆ ಹೊಸ ಮಿಕ್ಸ್ ಬೇಕಿಲ್ಲ. 2021ರ ದೊಡ್ಡ ಪೆಟ್ಟಿಗೆಯಲ್ಲೇ 1970ರ ಮೇ 26 ಮತ್ತು 27ರ ಡೆಮೊಗಳಿವೆ, ಅಂದರೆ ಹಾಡುಗಳ ಮೊದಲ ಕರಡು ದಾಖಲೆಗಳಿವೆ. ಎರಡನೆಯ ದಿನ ಅವರು ಸ್ಪೆಕ್ಟರ್‌ಗೆ ಹಾಡು ಪರಿಚಯಿಸಲು ಗಿಟಾರ್ ಹಿಡಿದು ಒಬ್ಬರೇ ಕೂತಿದ್ದರು.